ಫ್ರೇಮ್ ಬೆಂಚ್ ಇಲ್ಲದೆ ಬಾಡಿ ನೇರವಾಗಿ ಉಳಿದ ಬಗೆ

ಎರಡೂ ಬದಿಯಲ್ಲಿ ಬಾಗಿಲುಗಳ ಕೆಳಗಿನ ರನ್ನಿಂಗ್ ಬೋರ್ಡ್, ರೈಲು ಎನ್ನುವ ಅಡಿಯ ಉಕ್ಕಿನ ತೊಲೆಗಳಲ್ಲಿ ಹಿಂದಿನದರ ಒಂದು ತುದಿ, ಚಾಲಕನ ಕಾಲಡಿಯ ನೆಲದ ತಗಡು: ಇಷ್ಟನ್ನೂ ಕತ್ತರಿಸಿ ಹೊಸದು ಹಾಕಿದ ಮೇಲೂ ನನ್ನ ಕಾರಿನ ನಾಲ್ಕು ಬಾಗಿಲುಗಳು ಬೆರಳಲ್ಲಿ ತಳ್ಳಿದರೆ ಮುಚ್ಚಿಕೊಳ್ಳುತ್ತವೆ. ಅಡಿಭಾಗದಲ್ಲಿ ಮೂಲೆಯಿಂದ ಮೂಲೆಗೆ ಹಿಡಿದ ಎರಡು ಅಳತೆಗಳ ನಡುವಿನ ವ್ಯತ್ಯಾಸ ಎರಡು ಮಿಲಿಮೀಟರ್ ಇರಬಹುದು, ಹೆಚ್ಚಿಲ್ಲ. ಬಾಡಿ ರಿಪೇರಿಯಲ್ಲಿ ಮೂರು ಮಿಲಿಮೀಟರ್ ಆಚೀಚೆ ಆದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಬಾಡಿಯನ್ನು ಕದಲದಂತೆ ಬಿಗಿದು ಹಿಡಿಯುವ ಫ್ರೇಮ್ ಬೆಂಚ್ ಇಲ್ಲದೆ ರೈಲಿಗೆ ಗ್ರೈಂಡರ್ ಹಚ್ಚಿದರೆ ಕಾರು ಏಡಿಯಂತೆ ಓರೆಯಾಗಿ ಓಡುತ್ತದೆ ಎಂದು ನಕ್ಕವರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ.

ಇದು ತುಕ್ಕಿನ ಕೆಲಸ. ಅಪಘಾತದಲ್ಲಿ ಮಡಚಿದ ರೈಲನ್ನು ಎಳೆದು ನೇರ ಮಾಡುವ ಮಾತೇ ಬೇರೆ. ಅಲ್ಲಿ ಎಳೆದಷ್ಟೂ ಉಕ್ಕು ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಅದಕ್ಕೆ ಬೆಂಚೂ ಎಳೆಯುವ ಗೋಪುರವೂ ಬೇಕೇ ಬೇಕು. ತುಕ್ಕು ಹಿಡಿದ ಕಾರು ಮೊದಲೇ ನೇರವಾಗಿರುತ್ತದೆ, ನಾವು ಅದನ್ನು ಕೆಡಿಸದಿದ್ದರೆ ಸಾಕು.

ಹಣದ ಲೆಕ್ಕವನ್ನು ಮೊದಲೇ ಮುಗಿಸುತ್ತೇನೆ. ಬೆಂಚ್ ಇರುವವರು ಈ ಕೆಲಸಕ್ಕೆ ಕೇಳಿದ ಮೊತ್ತ ಕಾರಿನ ಬೆಲೆಗಿಂತ ಹೆಚ್ಚಿತ್ತು. ಇದ್ದ ಗುಜರಿ ಕಬ್ಬಿಣ ಬಿಟ್ಟು ನಾನು ಕೊಂಡ ಸಾಮಾನು ಆ ಮೊತ್ತದ ಹತ್ತರಲ್ಲಿ ಒಂದು ಭಾಗವೂ ಆಗಲಿಲ್ಲ. ಅದರಲ್ಲೂ ಅರ್ಧದಷ್ಟು ಕೆಲಸಕ್ಕೆ ಬಾರದ ವಸ್ತುಗಳಿಗೆ ಹೋಯಿತು. ಬೆಳಕಿನ ಗೆರೆ ಬೀಳಿಸಿ ಮಟ್ಟ ತೋರುವ ಲೇಸರ್ ಲೆವೆಲ್ ಅವುಗಳಲ್ಲಿ ಮೊದಲನೆಯದು. ಅಗ್ಗದ ಲೇಸರ್‌ಗಳ ಪೆಟ್ಟಿಗೆಯ ಮೇಲೆ ಹತ್ತು ಮೀಟರಿಗೆ ಮೂರು ಮಿಲಿಮೀಟರ್ ಎಂದು ಬರೆದಿರುತ್ತದೆ. ನಮ್ಮ ದೂರಕ್ಕೆ ಅದು ಸಾಲುತ್ತದೆ ಎಂದುಕೊಳ್ಳೋಣ. ಆದರೆ ಗೆರೆಯೇ ಎರಡು ಮೂರು ಮಿಲಿಮೀಟರ್ ದಪ್ಪ. ಅದರ ಯಾವ ಅಂಚನ್ನು ನಂಬುವುದು? ಮೇಲಾಗಿ ಕಾರಿನ ಅಡಿಯಲ್ಲಿ ಎಕ್ಸಾಸ್ಟ್, ಆಕ್ಸಲ್, ಸ್ಟ್ಯಾಂಡ್ ಎಲ್ಲವೂ ಬೆಳಕಿಗೆ ಅಡ್ಡ.

ಎರಡನೆಯದು ಬಾಟಲ್ ಜಾಕ್. ಸಂಜೆ ಮಟ್ಟ ಹಿಡಿದು ಹೋದರೆ ಬೆಳಗ್ಗೆ ಒಂದು ಮೂಲೆ ಮೂರು ನಾಲ್ಕು ಮಿಲಿಮೀಟರ್ ಇಳಿದಿರುತ್ತಿತ್ತು. ಎಣ್ಣೆಯ ಜಾಕ್ ಎತ್ತುವುದಕ್ಕೆ ಸರಿ, ಹಿಡಿದು ನಿಲ್ಲಿಸುವುದಕ್ಕಲ್ಲ. ಇಂಥ ಜಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕುವುದಂತೂ ದಡ್ಡತನ. ಹಲ್ಲಿರುವ ಸಾಧಾರಣ ಸ್ಟ್ಯಾಂಡ್ ಸುರಕ್ಷಿತ, ಆದರೆ ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ ಎರಡು ಸೆಂಟಿಮೀಟರ್ ಅಂತರ. ಅದರಲ್ಲಿ ಯಾವ ಮಟ್ಟ ಸಿಗುತ್ತದೆ?

ಕೊನೆಗೆ ನಿಂತದ್ದು ಹೀಗೆ. ದಪ್ಪ ಚೌಕ ಪೈಪಿನ ನಾಲ್ಕು ಕಂಬಗಳು. ಪ್ರತಿಯೊಂದರ ತಲೆಗೆ ದಪ್ಪ ತಿರುಪು, ಅದರ ಮೇಲೆ ಬಾಡಿಗೆ ಬೋಲ್ಟ್ ಆಗುವ ತಟ್ಟೆ. ತಟ್ಟೆಗಳನ್ನು ರನ್ನಿಂಗ್ ಬೋರ್ಡಿನ ಅಂಚಿಗೆ ಕೊಡಲಿಲ್ಲ, ಅದೇ ತಾನೇ ಕತ್ತರಿಸಿಹೋಗುವ ಭಾಗ. ಸಸ್ಪೆನ್ಷನ್ ಬಿಚ್ಚಿದ ಮೇಲೆ ಉಳಿಯುವ ಮೂಲ ಬೋಲ್ಟ್ ರಂಧ್ರಗಳಿಗೆ ಕಟ್ಟಿದೆ. ಕಾರಿನ ಭಾರವನ್ನು ವರ್ಷಗಟ್ಟಲೆ ಹೊತ್ತ ಜಾಗಗಳು ಅವು. ಕಂಬಗಳನ್ನು ಕೆಳಗಡೆ ಎರಡು ಉದ್ದ ಪೈಪುಗಳಿಗೆ ಬಿಗಿದೆ, ಒಂದು ಅಡ್ಡಕ್ಕೆ, ಒಂದು ಓರೆಗೆ. ನೆಲದ ಮಟ್ಟ ಎಷ್ಟು ಕೆಟ್ಟಿದ್ದರೂ ಪರವಾಗಿಲ್ಲ, ತಿರುಪು ಸರಿದೂಗಿಸುತ್ತದೆ.

ಎಲ್ಲರೂ ಎಡವುವುದು ನಾಲ್ಕು ಕಂಬಗಳನ್ನೂ ಒಟ್ಟಿಗೆ ಬಿಗಿಯುವಲ್ಲಿ. ನಾಲ್ಕು ಕಾಲಿನ ಮೇಲೆ ಕೂತ ಬಾಡಿಯನ್ನು ನೀವೇ ತಿರುಚಬಹುದು, ರಸಮಟ್ಟ ಅದನ್ನು ಹೇಳುವುದೂ ಇಲ್ಲ. ಹಿಂದೆ ಎರಡು, ಮುಂದೆ ನಡುವಿನಲ್ಲಿ ಒಂದು, ಹೀಗೆ ಮೂರು ಆಧಾರದ ಮೇಲೆ ಮೊದಲು ಕೂರಿಸಿ. ಮೂರು ಬಿಂದುವಿನ ಮೇಲೆ ಕೂತದ್ದನ್ನು ಆಧಾರಗಳು ತಿರುಚಲಾರವು. ಅಳತೆ ಎಲ್ಲ ಬರೆದುಕೊಂಡ ಮೇಲೆ ಮುಂದಿನ ಎರಡು ಕಂಬಗಳನ್ನು ಬಾಡಿಗೆ ತಾಗುವವರೆಗೆ ಮಾತ್ರ ಏರಿಸಿ, ನಡುವಿನ ಆಧಾರದಿಂದ ಭಾರವನ್ನು ಅವಕ್ಕೆ ಸಮನಾಗಿ ದಾಟಿಸಬೇಕು. ಸಮನಾಗಿ ದಾಟಿತು ಎಂದು ತಿಳಿಯುವ ಉಪಾಯ ಮಾತ್ರ ನನ್ನಲ್ಲೇ ಇರಲಿ. ಗೇಜ್ ಬೇಕಿಲ್ಲ, ಸ್ಪ್ಯಾನರಿನ ಹಿಡಿಯನ್ನು ಗಮನಿಸುವವರಿಗೆ ತಾನಾಗಿ ಹೊಳೆಯುತ್ತದೆ.

ಅಳೆಯುವುದಕ್ಕೆ ಗಾರೆ ಕೆಲಸದವರ ಲೆವೆಲ್ ಪೈಪನ್ನೇ ಬಳಸಿದೆ. ಪಾರದರ್ಶಕ ಪೈಪು, ಬಣ್ಣ ಹಾಕಿದ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಸೋಪಿನಿಂದ ಗುಳ್ಳೆ ಅಂಟಿಕೊಳ್ಳುವುದಿಲ್ಲ, ನೀರು ಬೇಗ ನಿಲ್ಲುತ್ತದೆ. ಒಂದು ಡಬ್ಬಿಯಿಂದ ನಾಲ್ಕು ಪೈಪು ತೆಗೆದು ನಾಲ್ಕು ಕಂಬಕ್ಕೂ ಕಟ್ಟಿಬಿಟ್ಟೆ. ಕೆಲಸದ ನಡುವೆ ಕತ್ತೆತ್ತಿ ನೋಡಿದರೆ ಸಾಕು, ಯಾವ ಮೂಲೆ ಕದಲಿದೆ ಎಂದು ಕಾಣುತ್ತದೆ.

ಇದರಲ್ಲೂ ಒಂದು ಕಾಟ ಬಂತು. ಮಧ್ಯಾಹ್ನವಾದರೆ ಬಲಗಡೆಯ ಮುಂದಿನ ಮೂಲೆ ಇಳಿದಂತೆ ತೋರುತ್ತಿತ್ತು, ಸಂಜೆಗೆ ಸರಿಹೋಗುತ್ತಿತ್ತು. ಕಂಬ ಕುಸಿಯುತ್ತಿದೆಯೇ ಎಂದು ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಪೈಪುಗಳಲ್ಲಿ ಒಂದನ್ನು ಬಿಸಿನೀರಿನಲ್ಲಿ ಅದ್ದಿ ಪರೀಕ್ಷಿಸಿದೆ. ಅರ್ಧ ಮೀಟರ್ ಎತ್ತರದ ನೀರು 25 ಡಿಗ್ರಿಯಿಂದ 40 ಡಿಗ್ರಿಗೆ ಕಾದರೆ ಸುಮಾರು ಎರಡೂವರೆ ಮಿಲಿಮೀಟರ್ ಮೇಲೇರುತ್ತದೆ, ನೋಡುವವನಿಗೆ ಮೂಲೆ ಇಳಿದಂತೆ ಕಾಣುತ್ತದೆ. ಬಾಡಿ ಇದ್ದಲ್ಲೇ ಇತ್ತು, ಕಿಟಕಿಯ ಬಿಸಿಲು ಆ ಪೈಪಿನ ಮೇಲೆ ಬೀಳುತ್ತಿತ್ತು ಅಷ್ಟೆ. ಬಾಡಿಯೂ ಬಿಸಿಗೆ ಬೆಳೆಯುತ್ತದೆ: ನಾಲ್ಕು ಮೀಟರ್ ಉಕ್ಕು ಇಪ್ಪತ್ತು ಡಿಗ್ರಿ ಏರಿದರೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್. ಆಮೇಲಿಂದ ಬರೆದಿಡುವ ಅಳತೆಗಳನ್ನೆಲ್ಲ ಬೆಳಗ್ಗೆಯೇ ತೆಗೆದೆ.

ನೇರವನ್ನು ನೋಡಲು ತೂಗುಗುಂಡು. ಅಡಿಯ ಮೂಲ ರಂಧ್ರಗಳಿಂದ ಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ಗುರುತುಗಳ ನಡುವೆ ಓರೆಯಾಗಿ ಅಳೆದೆ. ಚಾಕ್ ಅಳಿಸಿಹೋಗುತ್ತದೆ, ತಗಡಿನ ತುಂಡು ಅಂಟಿಸಿ ಅದರ ಮೇಲೆ ಗೀರು ಹಾಕಿದರೆ ಕೊನೆಯವರೆಗೂ ಇರುತ್ತದೆ.

ಬಾಗಿಲ ಚೌಕಟ್ಟಿಗೆ ಆನಿಕೆ ಕೊಡಬೇಕೆಂದು ಎಲ್ಲರಿಗೂ ಗೊತ್ತು. ಎಲ್ಲರೂ ಪೈಪನ್ನು ಬಾಗಿಲಿನ ಒಂದು ಬದಿಯ ಕಂಬದಿಂದ ಇನ್ನೊಂದು ಬದಿಯ ಕಂಬಕ್ಕೆ ವೆಲ್ಡ್ ಮಾಡುತ್ತಾರೆ. ನಾನೂ ಒಂದು ಬದಿಗೆ ಹಾಗೆ ಮಾಡಿ ನೋಡಿದೆ. ಆರುವಾಗ ಆ ವೆಲ್ಡೇ ಬಾಗಿಲ ಸಂದನ್ನು ಒಂದೂವರೆ ಮಿಲಿಮೀಟರಿನಷ್ಟು ಎಳೆದುಕೊಂಡಿತು. ಕಿತ್ತುಹಾಕಿ, ಸೀಟ್ ಬೆಲ್ಟ್ ಬೋಲ್ಟಿನ ರಂಧ್ರಕ್ಕೂ ಡ್ಯಾಶ್‌ಬೋರ್ಡ್ ಕಳಚಿದಾಗ ಸಿಗುವ ರಂಧ್ರಕ್ಕೂ ಬೋಲ್ಟ್ ಆಗುವ, ಎರಡೂ ತುದಿಗೆ ವಿರುದ್ಧ ತಿರುಪುಳ್ಳ ಸರಳು ಮಾಡಿಕೊಂಡೆ. ತಿರುಗಿಸಿದರೆ ಸಂದು ಹಿಗ್ಗುತ್ತದೆ, ಕುಗ್ಗುತ್ತದೆ. ಬೆಲ್ಟಿನ ಬೋಲ್ಟ್ ಹೆಚ್ಚಿನ ಕಾರುಗಳಲ್ಲಿ 7/16 ಇಂಚಿನ ಸಣ್ಣ ಥ್ರೆಡ್ಡಿನದು. ಮೆಟ್ರಿಕ್ ಬೋಲ್ಟ್ ತುರುಕಿ ಥ್ರೆಡ್ ಹಾಳು ಮಾಡಬೇಡಿ. ಬಾಗಿಲುಗಳು ಹಿಂಜಿಗೆ ನೇತಾಡುತ್ತಲೇ ಇರಲಿ. ಸಂದಿಗೆ ನಾಲ್ಕು ಮಿಲಿಮೀಟರ್ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ನೋಡುವುದಕ್ಕಿಂತ ಒಳ್ಳೆಯ ಗೇಜ್ ನನಗೆ ಸಿಕ್ಕಿಲ್ಲ. ಹಿಂಜಿನ ಪಿನ್ನು ಸವೆದಿದ್ದರೆ ಮೊದಲು ಬದಲಿಸಿ, ಇಲ್ಲವಾದರೆ ಬಾಗಿಲು ಜೋತದ್ದನ್ನು ಬಾಡಿ ಬಾಗಿದೆ ಎಂದು ಓದುತ್ತೀರಿ.

ವೆಲ್ಡಿಂಗಿನ ಬಗ್ಗೆ ನಿಮಗೆ ಹೇಳಬೇಕಾದ್ದು ಕಡಿಮೆ. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದನ್ನು ಕತ್ತರಿಸಲಿಲ್ಲ. ಒಂದು ಸಲಕ್ಕೆ ಒಂದು ಇಂಚಿಗಿಂತ ಉದ್ದ ವೆಲ್ಡ್ ಎಳೆಯಲಿಲ್ಲ. ಟ್ಯಾಕ್‌ಗಳನ್ನು, ಅಂದರೆ ಚುಕ್ಕೆಯಂಥ ಸಣ್ಣ ವೆಲ್ಡುಗಳನ್ನು, ಈ ತುದಿ, ಆ ತುದಿ, ನಡು ಎಂದು ಹಂಚಿದೆ. ಕೈ ಇಡುವಷ್ಟು ತಣಿಯುವವರೆಗೆ ಅಳತೆ ನೋಡಲೇ ಇಲ್ಲ, ಬಿಸಿ ಇದ್ದಾಗ ಸಿಗುವ ಅಂಕಿಗಳೆಲ್ಲ ಸುಳ್ಳು. ವೆಲ್ಡ್ ಯಾವ ಕಡೆಗೆ ಎಳೆಯುತ್ತದೆ ಎಂದು ಎಣಿಸಿ ಮೊದಲೇ ಎದುರು ದಿಕ್ಕಿಗೆ ಸರಳನ್ನು ಸ್ವಲ್ಪ ತಿರುಗಿಸಿಡುತ್ತಿದ್ದೆ. ಎಷ್ಟು ಸುತ್ತು ಎಂಬುದು ತಗಡಿನ ದಪ್ಪದ ಮೇಲೆ, ಕೈಯ ಮೇಲೆ ಹೋಗುತ್ತದೆ, ನನ್ನ ಅಂಕಿ ನಿಮಗೆ ಹೊಂದುವುದಿಲ್ಲ.

ಕೊನೆಗೆ ಚಕ್ರ ಹಾಕಿ ನೆಲಕ್ಕಿಳಿಸಿದಾಗ ಸಂದುಗಳು ಕೂದಲೆಳೆಯಷ್ಟು ಬದಲಾದವು, ಅದು ಸಹಜ. ವೀಲ್ ಅಲೈನ್‌ಮೆಂಟಿನಲ್ಲಿ ಎಡ ಬಲದ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ ಕೋನ, ಹೆಚ್ಚುಕಡಿಮೆ ಒಂದೇ ಬಂತು, ಹಿಂದಿನ ಚಕ್ರಗಳು ಮುಂದಿನವುಗಳ ಸಾಲಿನಲ್ಲೇ ಇದ್ದವು. ಯಂತ್ರದ ಮುಂದಿದ್ದವನು ಇದು ಯಾವ ಬೆಂಚಿನ ಕೆಲಸ ಎಂದು ಕೇಳಿದ. ನಾನು ಹೇಳಲಿಲ್ಲ.

ಇದೇ ಕಂಬಗಳನ್ನು ಈಗ ಪ್ರತ್ಯೇಕ ಚಾಸಿ ಇರುವ ಹಳೆಯ ಜೀಪಿಗೆ ಹಚ್ಚಿದ್ದೇನೆ. ಅಲ್ಲಿ ಬಾಡಿ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ, ಒಂದೊಂದರ ಕೆಳಗೂ ಬೇರೆ ಬೇರೆ ದಪ್ಪದ ಶಿಮ್ ತಗಡು. ಬಾಡಿ ಎತ್ತುವ ಮೊದಲು ಯಾವ ಶಿಮ್ ಯಾವ ಮೂಲೆಯದು ಎಂದು ತಂತಿಯಲ್ಲಿ ಪೋಣಿಸಿ ಚೀಟಿ ಕಟ್ಟಿಟ್ಟಿದ್ದೇನೆ.