ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್: ನನ್ನ ಅನುಭವ

ಹಿಂದೆ ಹೆಂಡತಿ ಕೂತರೆ ಸಾಕು, ಪ್ರತಿ ಹಂಪಿಗೂ ಬೈಕು ದಡಕ್ ಅನ್ನುತ್ತಿತ್ತು. ತಿರುವಿನಲ್ಲಿ ಹಿಂಭಾಗ ತೂಗಾಡುತ್ತಿತ್ತು. ಸ್ಪ್ರಿಂಗ್ ಸೋತಿದೆ ಅಂದುಕೊಂಡು ಎರಡೂ ಕಡೆ ಸ್ಪ್ರಿಂಗನ್ನು ಅದುಮಿ ಹಿಡಿಯುವ ಹಲ್ಲಿನ ಉಂಗುರವನ್ನು, ಅಂದರೆ ಅಡ್ಜಸ್ಟರನ್ನು, ಕೊನೆಯ ಹಲ್ಲಿಗೆ ತಿರುಗಿಸಿದೆ. ಸೀಟು ಎತ್ತರವಾಯಿತು, ಕುಣಿತ ನಿಲ್ಲಲಿಲ್ಲ. ಹಲ್ಲು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕಿನ ಎತ್ತರ ಅಷ್ಟೇ ಬದಲಾಗುತ್ತದೆ.

ಆಮೇಲೆ ಬಗ್ಗಿ ನೋಡಿದೆ. ಎಡಗಡೆ ಶಾಕಿನ ರಾಡಿನ ಮೇಲೆ ಎಣ್ಣೆ. ಅದಕ್ಕೆ ಕೆಂಪು ಧೂಳು ಮೆತ್ತಿಕೊಂಡು ಕೆಸರಿನ ಉಂಗುರವೇ ಆಗಿತ್ತು. ಸೀಟು ಒತ್ತಿ ಬಿಟ್ಟರೆ ಮೂರು ಸಲ ಕುಣಿಯಿತು. ಸರಿಯಿದ್ದರೆ ಒಮ್ಮೆ ಎದ್ದು ನಿಲ್ಲಬೇಕು, ಅಲ್ವಾ? ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವುದು ಒಳಗಿನ ಎಣ್ಣೆ. ಅದೇ ಸೋರಿಹೋಗಿತ್ತು.

ಅಂಗಡಿಯಲ್ಲಿ ಮೊದಲು ಸಿಕ್ಕಿದ್ದು 15 ಮಿ.ಮೀ. ಜಾಸ್ತಿ ಉದ್ದದ ಗ್ಯಾಸ್ ಶಾಕ್. ನೋಡಲು ಚೆಂದ. ಆದರೆ ಉದ್ದ ಹೆಚ್ಚಾದರೆ ಹಿಂಭಾಗ ಎದ್ದು ಹ್ಯಾಂಡಲ್ ಚುರುಕಾಗುತ್ತದೆ, ಚೈನಿನ ಬಿಗಿತ ಬದಲಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲ ಮುಟ್ಟುತ್ತಿತ್ತು. ವಾಪಸ್ ಕೊಟ್ಟೆ. ಹಳೆಯದನ್ನು ಬಿಚ್ಚಿ, ಮೇಲಿನ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಟೇಪು ಹಿಡಿದೆ: 325 ಮಿ.ಮೀ. ತೂತಿನೊಳಗಿನ ಬುಷ್ (ಬೋಲ್ಟ್ ಹಾಯುವ ಕೊಳವೆ) ಅಳತೆಯನ್ನೂ ಬರೆದುಕೊಂಡು ಹೋಗಿ ಅದೇ ಅಳತೆಯ ಜೋಡಿ ತಂದೆ. ಒಂದನ್ನೇ ಬದಲಿಸಬೇಡಿ.

ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲಿನಿಂದ ಸೀಟಿನಡಿಯ ಗುರುತಿಗೆ ಅಳೆದೆ. ಆಮೇಲೆ ನಾವಿಬ್ಬರೂ ಕೂತೆವು, ಮಗಳು ಟೇಪು ಹಿಡಿದಳು. ಮೂರನೇ ಹಲ್ಲಿನಲ್ಲಿ 28 ಮಿ.ಮೀ. ಕುಸಿತ, ಚಕ್ರ ಮೇಲೆ ಕೆಳಗೆ ಆಡುವ ದೂರದ ಸುಮಾರು ಮೂರನೇ ಒಂದು ಭಾಗ. ಅಷ್ಟು ಕುಸಿದರೆ ಸರಿ ಅಂತ ಅಲ್ಲಿಗೇ ಬಿಟ್ಟು, ಚೈನ್ ಇನ್ನೊಮ್ಮೆ ನೋಡಿ ಹೊರಟೆವು. ಅದೇ ಹಂಪಿನ ಮೇಲೆ ದಡಕ್ ಅನ್ನಲಿಲ್ಲ.