ಚಾರ್ಜ್ ಇದ್ದರೂ ಇವಿ ಕಾರು ಏಳದಿದ್ದಾಗ: 12 ವೋಲ್ಟ್ ಬ್ಯಾಟರಿ ಡೌನ್ ಆದರೆ ಮಾಡಬೇಕಾದ್ದು

ಕಳೆದ ಮಳೆಗಾಲದ ಆಟಿ ತಿಂಗಳು. ಮುಂಬೈಯಲ್ಲಿ ಅಣ್ಣನ ಮನೆಯಲ್ಲಿ ಹನ್ನೆರಡು ದಿನ ಇದ್ದು, ಅಮ್ಮ ಮತ್ತು ನಾನು ಬೆಳಗ್ಗೆ ಮತ್ಸ್ಯಗಂಧ ರೈಲಿನಿಂದ ಉಡುಪಿಯ ಇಂದ್ರಾಳಿಯಲ್ಲಿ ಇಳಿದು ಕುಂಜಿಬೆಟ್ಟಿನ ಮನೆಗೆ ಬಂದೆವು. ಹತ್ತೂವರೆಗೆ ಅಮ್ಮನನ್ನು ಮಣಿಪಾಲಕ್ಕೆ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಕಾರಿನ ಕೀ ಒತ್ತಿದೆ. ಲೈಟ್ ಮಿಣುಕಲಿಲ್ಲ, ಬಾಗಿಲು ತೆರೆಯಲಿಲ್ಲ. ಮುಂಬೈಗೆ ಹೊರಡುವಾಗ 78 ಶೇಕಡಾ ಚಾರ್ಜ್ ಇತ್ತು!

ಗೇಟಿನಿಂದಲೇ ಪಕ್ಕದ ಮನೆಯ ಅಣ್ಣ ಕೇಳಿದರು, "ಎಂತ ಟೀಚರೇ, ಕರೆಂಟ್ ಖಾಲಿಯಾ?"

"ಕರೆಂಟ್ ಉಂಟು ಅಣ್ಣ. ಸಣ್ಣ ಬ್ಯಾಟರಿ ಡೌನ್ ಆಗಿದೆ ಅಂತ ಕಾಣ್ತದೆ."

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸುವವಳು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇವಿಯಲ್ಲಿ, ಅಂದರೆ ಕರೆಂಟಿನಲ್ಲಿ ಓಡುವ ಕಾರಿನಲ್ಲಿ, ಎರಡು ಬ್ಯಾಟರಿ ಇರುತ್ತವೆ. ಸೀಟಿನ ಅಡಿಯ ದೊಡ್ಡದು ಚಕ್ರ ತಿರುಗಿಸಲು. ಹೆಚ್ಚಿನ ಕಾರುಗಳಲ್ಲಿ ಅದು 300 ವೋಲ್ಟ್ ದಾಟುತ್ತದೆ. ಇನ್ನೊಂದು, ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ 12 ವೋಲ್ಟಿನ ಬ್ಯಾಟರಿ. ಲಾಕ್, ಲೈಟ್, ಕಂಪ್ಯೂಟರ್ ಎಲ್ಲ ಇದರ ಮೇಲೆ. ಕಾರು ನಿಂತಿರುವಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದಿರುತ್ತದೆ. ಅದನ್ನು ಮತ್ತೆ ಜೋಡಿಸುವ ಸ್ವಿಚ್‌ಗೆ ಕಾಂಟ್ಯಾಕ್ಟರ್ ಅನ್ನುತ್ತಾರೆ. ಆ ಸ್ವಿಚ್ ಬೀಳಬೇಕಾದರೂ 12 ವೋಲ್ಟ್ ಬೇಕು. ಸಣ್ಣದು ಸತ್ತರೆ ದೊಡ್ಡದರ ಬಾಗಿಲು ತೆರೆಯುವುದಿಲ್ಲ, ಅಷ್ಟೇ.

ಮುಂಬೈಯ ಅಣ್ಣ ಫೋನಿನಲ್ಲಿ "ಚಾರ್ಜರ್ ಹಾಕಿ ನೋಡು" ಅಂದ. ತುಂಬಾ ಜನ ಹೀಗೇ ಗಂಟೆಗಟ್ಟಲೆ ಕಾಯುತ್ತಾರೆ. ಚಾರ್ಜರ್ ಜೊತೆ ಮಾತಾಡುವ ಕಂಪ್ಯೂಟರ್ ಕೂಡ 12 ವೋಲ್ಟಿನದ್ದೇ ಅಲ್ವಾ? ಅದು ಏಳದೆ ಸಾಮಾನ್ಯವಾಗಿ ಚಾರ್ಜಿಂಗ್ ಶುರುವೇ ಆಗುವುದಿಲ್ಲ.

ಮೊದಲು ಕೀಯ ಒಳಗಿನ ಗುಂಡು ಸೆಲ್ ಮೇಲೆ ಅನುಮಾನ ಪಡಿ. ಕೀಯಲ್ಲಿ ಅಡಗಿರುವ ಲೋಹದ ಕೀಲಿ ಎಳೆದು ಡ್ರೈವರ್ ಬಾಗಿಲು ತೆರೆಯಿರಿ. ಕೆಲವು ಕಾರುಗಳಲ್ಲಿ ಕೀಲಿತೂತು ಹಿಡಿಕೆಯ ಮುಚ್ಚಳದ ಹಿಂದೆ ಇರುತ್ತದೆ. ಒಳಗಿನ ಲೈಟ್ ಚೆನ್ನಾಗಿ ಉರಿದರೆ ಕಾರು ಸರಿ ಇದೆ, ಕೀಯ ಸೆಲ್ ಹೋಗಿದೆ. ಲೈಟ್ ಇಲ್ಲ, ಅಥವಾ ಮಂಕಾಗಿದೆ ಅಂದರೆ ಬಾನೆಟ್ ಎತ್ತಿ. ಬಾನೆಟ್ ಲಿವರ್ ಹೆಚ್ಚಾಗಿ ತಂತಿಯಿಂದ ಎಳೆಯುವಂಥದ್ದು, ಕರೆಂಟ್ ಬೇಡ. ಕೆಲವು ಕಾರುಗಳಲ್ಲಿ ಸಣ್ಣ ಬ್ಯಾಟರಿ ಡಿಕ್ಕಿಯಲ್ಲಿರುತ್ತದೆ, ಕೆಲವದರಲ್ಲಿ ಅದು ಲಿಥಿಯಂನದ್ದು. ಎಲ್ಲಿ, ಯಾವುದು ಅನ್ನುವುದನ್ನು ಮ್ಯಾನ್ಯುಯಲ್‌ನಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ. ಕೀ ಮಾತ್ರ ನಿಮ್ಮ ಜೇಬಿನಲ್ಲೇ ಇರಲಿ. ಕರೆಂಟ್ ಬಂದ ಕೂಡಲೇ ಕಾರು ತಾನೇ ಲಾಕ್ ಆಗಬಹುದು.

ಸಣ್ಣ ಬ್ಯಾಟರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟೆ. 9.4 ವೋಲ್ಟ್. ತುಂಬಿದ ಲೆಡ್ ಆಸಿಡ್ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗೆ ಇಳಿದರೆ ಹೆಚ್ಚುಕಡಿಮೆ ಖಾಲಿ.

ಪಕ್ಕದ ಮನೆಯ ಅಣ್ಣ ತಮ್ಮ ಹಳೆಯ ಆಲ್ಟೊವನ್ನು ನಮ್ಮ ಪೋರ್ಟಿಕೊ ಬಳಿ ತಂದು, ಇಂಜಿನ್ ಆಫ್ ಮಾಡಿ ನಿಲ್ಲಿಸಿದರು. ಎರಡು ಕಾರು ಒಂದಕ್ಕೊಂದು ತಾಗಬಾರದು. ಸುರಿಯುವ ಮಳೆಯಲ್ಲಿ ಈ ಕೆಲಸ ಬೇಡ. ಬ್ಯಾಟರಿ ಉಬ್ಬಿದ್ದರೆ, ಒಡೆದಿದ್ದರೆ, ಸೋರುತ್ತಿದ್ದರೆ ಮುಟ್ಟಲೇಬೇಡಿ. ಬಾನೆಟ್ ಒಳಗಿನ ಕೇಸರಿ ಬಣ್ಣದ ದಪ್ಪ ವೈರುಗಳು ದೊಡ್ಡ ಬ್ಯಾಟರಿಯವು. ಅದರ ಹತ್ತಿರ ಕೈ ಹೋಗುವುದೇ ಬೇಡ. ನಾನು ಬಳೆ, ಉಂಗುರ ತೆಗೆದಿಟ್ಟು, ಕರಿಮಣಿ ಸರವನ್ನು ಕುಪ್ಪಸದ ಒಳಗೆ ಹಾಕಿಕೊಂಡೆ. ಬಗ್ಗಿದಾಗ ಸರ ಎರಡು ಟರ್ಮಿನಲ್ ಮಧ್ಯೆ ಬಿದ್ದರೆ ಕೆಂಡದಂತೆ ಕಾಯುತ್ತದೆ. ಈ ಮಾತನ್ನು ಗಂಡಸರು ಬರೆದ ಮ್ಯಾನ್ಯುಯಲ್‌ಗಳಲ್ಲಿ ನಾನು ನೋಡಿಲ್ಲ.

ಆಲ್ಟೊದ ಬ್ಯಾಟರಿಯಿಂದ ನಮ್ಮದಕ್ಕೆ ಕರೆಂಟ್ ಕೊಡುವ ಜಂಪರ್ ಕೇಬಲಿನ ಕೆಂಪು ಕ್ಲಿಪ್ ಮೊದಲು ನಮ್ಮ ಕಾರಿನ ಪ್ಲಸ್‌ಗೆ, ಇನ್ನೊಂದು ಕೆಂಪು ಆಲ್ಟೊದ ಪ್ಲಸ್‌ಗೆ. ಕಪ್ಪು ಕ್ಲಿಪ್ ಆಲ್ಟೊದ ಮೈನಸ್‌ಗೆ. ಕೊನೆಯ ಕಪ್ಪು ಕ್ಲಿಪ್ ನಮ್ಮ ಬ್ಯಾಟರಿಗಲ್ಲ, ಅದರಿಂದ ದೂರ, ಕಾರಿನ ಲೋಹದ ಮೈಯಲ್ಲಿರುವ ಬಣ್ಣವಿಲ್ಲದ ಬೋಲ್ಟ್‌ಗೆ. ಕೊನೆಯ ಕ್ಲಿಪ್ ತಾಗುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರಬಹುದು, ಅದಕ್ಕೆ ಈ ದೂರ. ಪ್ಲಸ್ ಮೈನಸ್ ಅದಲುಬದಲಾದರೆ ಇವಿಯ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ಹಾಗಾಗಿ ಎರಡೆರಡು ಸಲ ನೋಡಿ.

ಐದು ನಿಮಿಷ ಬಿಟ್ಟು ಬ್ರೇಕ್ ತುಳಿದು ಸ್ಟಾರ್ಟ್ ಒತ್ತಿದೆ. ಡ್ಯಾಶ್‌ಬೋರ್ಡ್ ಒಮ್ಮೆ ಹೊತ್ತಿ ನಂದಿತು. ಬಾನೆಟ್ ಒಳಗೆ ಟಕಟಕ ಟಕಟಕ ಅಂತ ರಿಲೇ ಬಡಿದುಕೊಂಡಿತು, ಹಲ್ಲಿ ಲೊಚಗುಟ್ಟಿದ ಹಾಗೆ. ಇಳಿದು ನೋಡಿದರೆ ಪ್ಲಸ್ ಟರ್ಮಿನಲ್ ಮೇಲೆ ಬಿಳಿ-ಹಸಿರು ಹುಡಿ, ಉಪ್ಪು ಗಟ್ಟಿದ ಹಾಗೆ. ಕ್ಲಿಪ್ ಹಿಡಿದದ್ದು ಆ ಹುಡಿಯನ್ನು, ಸೀಸವನ್ನಲ್ಲ. ಮಲ್ಪೆ ಕಡಲಿನಿಂದ ಬೀಸುವ ಗಾಳಿಯಲ್ಲಿ ಉಪ್ಪು, ಮೇಲಿನಿಂದ ನಾಲ್ಕು ತಿಂಗಳ ತೇವ. ಕರಾವಳಿಯಲ್ಲಿ ಇದು ಬೇಗ ಬೆಳೆಯುತ್ತದೆ. ಕ್ಲಿಪ್‌ಗಳನ್ನು ಬಿಚ್ಚಿ, ಮುಖಕ್ಕೆ ಹಾರದಂತೆ ಸ್ಯಾಂಡ್‌ಪೇಪರಿನಿಂದ ನಿಧಾನ ಉಜ್ಜಿದೆ. ಬೂದಿ ಬಣ್ಣದ ಸೀಸ ಹೊಳೆಯಿತು. ಮತ್ತೆ ಅದೇ ಕ್ರಮದಲ್ಲಿ ಕ್ಲಿಪ್ ಹಾಕಿದೆ.

ಈ ಸಲ ಸ್ಟಾರ್ಟ್ ಒತ್ತಿದಾಗ ಕಾರಿನ ಹೊಟ್ಟೆಯೊಳಗಿಂದ ಒಂದೇ ಒಂದು ಗಟ್ಟಿ "ಟಕ್". ಅದು ಕಾಂಟ್ಯಾಕ್ಟರ್ ಬಿದ್ದ ಸದ್ದು. ರೆಡಿ ಲೈಟ್ ಬಂತು. 76 ಶೇಕಡಾ. ಮೀಟರ್‌ನಲ್ಲಿ 14.2 ವೋಲ್ಟ್. ಅಂದರೆ ದೊಡ್ಡ ಬ್ಯಾಟರಿ ಈಗ ವೋಲ್ಟ್ ಇಳಿಸಿಕೊಡುವ ಡಿಸಿ-ಡಿಸಿ ಕನ್ವರ್ಟರ್ ಮೂಲಕ ಸಣ್ಣದಕ್ಕೆ ಉಣಿಸುತ್ತಿದೆ. ಅಮ್ಮ ಬಾಗಿಲಲ್ಲಿ ನಿಂತು ಕೈಮುಗಿದರು.

ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ ತೆಗೆಯಿರಿ. ಕಾರನ್ನು ಆಫ್ ಮಾಡಬೇಡಿ. ಕಡಿಮೆ ಅಂದ್ರೂ ಒಂದು ಗಂಟೆ ರೆಡಿಯಲ್ಲಿ ಇರಲಿ, ಅಥವಾ ಓಡಿಸಿ. ಆಸ್ಪತ್ರೆಯಲ್ಲಿ ನಾನು ಕಾರಿನಲ್ಲೇ ಕೂತಿದ್ದೆ, ತಮ್ಮನ ಹೆಂಡತಿ ಬಂದು ಅಮ್ಮನನ್ನು ಒಳಗೆ ಕರೆದುಕೊಂಡು ಹೋದಳು.

"ನಾಳೆ ನನ್ನ ಆಲ್ಟೊ ನಿಂತ್ರೆ ನಿಮ್ಮದ್ರಿಂದ ಕೊಡ್ಲಿಕ್ಕೆ ಆಗ್ತದಲ್ಲ?" ಅಂತ ಪಕ್ಕದ ಮನೆಯ ಅಣ್ಣ ಕೇಳಿದರು. ಬೇಸರದಿಂದಲೇ ಇಲ್ಲ ಅಂದೆ. ಇವಿಯನ್ನು ಎಬ್ಬಿಸಲು ಸ್ವಲ್ಪ ಕರೆಂಟ್ ಸಾಕು. ಪೆಟ್ರೋಲ್ ಇಂಜಿನ್ನಿನ ಸ್ಟಾರ್ಟರ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ, ಇವಿಯ ಸಣ್ಣ ಬ್ಯಾಟರಿ ಮತ್ತು ಕನ್ವರ್ಟರ್ ಅದಕ್ಕೆ ಮಾಡಿದ್ದಲ್ಲ. ಅದಕ್ಕೆ ಸತ್ತ ಬ್ಯಾಟರಿಯ ಕಾರನ್ನು ಎಬ್ಬಿಸುವ ಒಂದು ಜಂಪ್ ಸ್ಟಾರ್ಟರ್ ಪವರ್ ಬ್ಯಾಂಕ್ ತಂದಿಟ್ಟೆ, ಅದು ಎರಡೂ ಮನೆಗೆ ಆಗುತ್ತದೆ.

ಎಬ್ಬಿಸಿದ ಮೇಲೆ ಯಾಕೆ ಮಲಗಿತು ಅಂತ ಹುಡುಕಲೇಬೇಕು. ನನ್ನದರಲ್ಲಿ ಸಿಕ್ಕಿದ್ದು ಡ್ಯಾಶ್‌ಕ್ಯಾಮ್. ನಿಂತಾಗಲೂ ರೆಕಾರ್ಡ್ ಮಾಡುವ ಹಾಗೆ ಜೋಡಿಸಿದ್ದರು. 0.3 ಆಂಪಿಯರ್ ಎಳೆಯುತ್ತಿತ್ತು. ದಿನಕ್ಕೆ 7.2 ಆಂಪಿಯರ್ ಗಂಟೆ. ಬ್ಯಾಟರಿ ಇರುವುದೇ 35 ಆಂಪಿಯರ್ ಗಂಟೆಯದ್ದು, ಐದು ದಿನ ಸಾಕು. ಮೇಲಿಂದ ನಾನು ಮುಂಬೈಯಿಂದ ಸುಮ್ನೆ ಆ್ಯಪ್ ತೆರೆದು ತೆರೆದು ಚಾರ್ಜ್ ನೋಡುತ್ತಿದ್ದೆ. ಪ್ರತಿ ಸಲ ಕಾರು ಎಚ್ಚರವಾಗುತ್ತದೆ. ನಿಂತಿರುವಾಗಲೂ ಸಣ್ಣ ಬ್ಯಾಟರಿಯನ್ನು ತಾನೇ ತುಂಬಿಸಿಕೊಳ್ಳುವ ಕಾರುಗಳಿವೆ, ನನ್ನದು ಅಂಥದ್ದಲ್ಲ.

ಒಮ್ಮೆ ಪೂರ್ತಿ ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿಯನ್ನು ನಂಬಬೇಡಿ. ಚೆನ್ನಾಗಿ ಚಾರ್ಜ್ ಮಾಡಿ, ರಾತ್ರಿ ಮೈನಸ್ ಬಿಚ್ಚಿಟ್ಟು ಬೆಳಗ್ಗೆ ಅಳೆಯಿರಿ. 12.6ರ ಹತ್ತಿರ ಇದ್ದರೆ ಇನ್ನೂ ನಡೆಯುತ್ತದೆ. 12.2ಕ್ಕಿಂತ ಕೆಳಗಾದರೆ ಅದೇ ಅಳತೆಯ, ಅದೇ ಜಾತಿಯ ಹೊಸದು ಹಾಕಿ. ನನ್ನದು 11.9 ತೋರಿಸಿತು, ನಾಲ್ಕು ವರ್ಷ ಆಗಿತ್ತು, ಬದಲಾಯಿಸಿದೆ. ಹೊಸದರ ಟರ್ಮಿನಲ್‌ಗೆ ವ್ಯಾಸಲೀನ್ ಸವರಿದ್ದೇನೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡುತ್ತೇನೆ.

ಯಾವ ಉಪಾಯಕ್ಕೂ ಏಳದಿದ್ದರೆ ಟೋ ಗಾಡಿಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ನಾಲ್ಕೂ ಚಕ್ರ ಮೇಲೆ ಹತ್ತಿಸಿಕೊಂಡೇ ಹೋಗಬೇಕು. ಚಕ್ರ ತಿರುಗಿದರೆ ಮೋಟಾರ್ ಕರೆಂಟ್ ಹುಟ್ಟಿಸುತ್ತದೆ, ಒಳಗೆ ಹಾಳಾಗಬಹುದು.

ಜಂಪರ್ ಕೇಬಲ್, ಪವರ್ ಬ್ಯಾಂಕ್, 10 ನಂಬರ್ ಸ್ಪಾನರ್, ಸ್ಯಾಂಡ್‌ಪೇಪರ್ ಇವನ್ನು ನಾನು ಡಿಕ್ಕಿಯಲ್ಲಿ ಇಡುವುದಿಲ್ಲ, ಡ್ರೈವರ್ ಸೀಟಿನ ಹಿಂದೆ ಇಡುತ್ತೇನೆ. ಕರೆಂಟ್ ಇಲ್ಲದಾಗ ನನ್ನ ಕಾರಿನ ಡಿಕ್ಕಿ ತೆರೆಯುವುದಿಲ್ಲ.