ಆಸ್ತಮಾ ಇದ್ದೂ ಆಟ ಬಿಡದಿರಲು: ಹದಿಹರೆಯದಲ್ಲಿ ನಾನು ಪಾಲಿಸಿದ ಕ್ರಮ

ಆಸ್ತಮಾ ಇರುವ ಆಟಗಾರರಿಗೆ ಉಸಿರು ಹೆಚ್ಚಾಗಿ ಕಟ್ಟುವುದು ಓಡಿ ನಿಂತ ಮೇಲೆ. ಐದು ಹತ್ತು ನಿಮಿಷದಲ್ಲಿ ಎದೆ ಬಿಗಿಯುತ್ತದೆ, ಕೆಮ್ಮು ಹತ್ತುತ್ತದೆ, ಉಸಿರು ಬಿಡುವಾಗ ಸುಂಯ್‌ಗುಡುತ್ತದೆ. ಜೋರಾಗಿ ಓಡುವಾಗ ಬಾಯಿಂದ ಉಸಿರಾಡುತ್ತೇವೆ. ಗಾಳಿಯನ್ನು ಬೆಚ್ಚಗೆ, ತೇವ ಮಾಡುವ ಮೂಗಿನ ಕೆಲಸ ತಪ್ಪಿ ಶ್ವಾಸನಾಳದ ಒಳಪದರ ಒಣಗುತ್ತದೆ. ಅಲ್ಲಿನ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಇದನ್ನು ‘ಸ್ಟ್ಯಾಮಿನಾ ಇಲ್ಲ’ ಎಂದು ತಳ್ಳಿಹಾಕುವುದು ತೀರಾ ತಪ್ಪು.

ಆಟದ ದಿನ ಉಸಿರು ಸಲೀಸಾಗಿರಬೇಕಾದರೆ ಮದ್ದು ನಡೆಯಬೇಕಾದ್ದು ಉಳಿದೆಲ್ಲ ದಿನಗಳಲ್ಲಿ. ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇರುವ ಪ್ರಿವೆಂಟರ್ ಇನ್‌ಹೇಲರ್ ನಾಳದ ಊತವನ್ನೇ ಇಳಿಸುತ್ತದೆ, ಆದರೆ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕು. ಸಾಲ್ಬುಟಮಾಲ್ ಇರುವ ರಿಲೀವರ್ ಸ್ನಾಯು ಸಡಿಲಿಸುತ್ತದೆ, ಅಷ್ಟೇ. ಊತ ಹಾಗೆಯೇ ಉಳಿಯುತ್ತದೆ. ಚೆನ್ನಾಗಿದ್ದೇನಲ್ಲ ಎಂದು ಪ್ರಿವೆಂಟರ್ ನಿಲ್ಲಿಸಿ ರಿಲೀವರ್ ಒಂದನ್ನೇ ನಂಬುವವರು ಬಹಳ. ದಿನವೂ ಬಳಸಿದರೆ ರಿಲೀವರ್ ಕೊಡುವ ರಕ್ಷಣೆಯೂ ತಗ್ಗುತ್ತದೆ. 12 ವರ್ಷ ಮತ್ತು ಮೇಲಿನವರಿಗೆ ಸ್ಟಿರಾಯ್ಡ್ ಇಲ್ಲದೆ ಸಾಲ್ಬುಟಮಾಲ್ ಮಾತ್ರ ಕೊಡುವುದು ಬೇಡ ಎಂದು ‘ಜಿನಾ’ ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಬುಡೆಸೊನೈಡ್, ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಸೇರಿದ ಇನ್‌ಹೇಲರ್ ಕೂಡ ಇದೆ. ನಿಮಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ನನಗೆ ಬರೆದುಕೊಟ್ಟದ್ದು, ಆಟಕ್ಕೆ 15 ನಿಮಿಷ ಮೊದಲು ಸಾಲ್ಬುಟಮಾಲ್‌ನ 100 ಮೈಕ್ರೋಗ್ರಾಂನ ಎರಡು ಪಫ್. ಆಮೇಲೆ ವಾರ್ಮ್‌ಅಪ್: ಐದು ನಿಮಿಷ ನಿಧಾನ ಓಟ, ನಂತರ 30 ಸೆಕೆಂಡ್ ಜೋರು ಓಟ, ಒಂದು ನಿಮಿಷ ನಡಿಗೆ, ಹೀಗೆ ಆರೇಳು ಸಲ. ಬರೀ ಕೈಕಾಲು ಚಾಚಿದರೆ ಈ ಲಾಭವಿಲ್ಲ. ಇಂಥ ಬಿಟ್ಟು ಬಿಟ್ಟು ಓಡುವ ವಾರ್ಮ್‌ಅಪ್ ಆದ ಮೇಲೆ ಸುಮಾರು ಅರ್ಧದಷ್ಟು ಜನರಲ್ಲಿ ಒಂದೆರಡು ಗಂಟೆ ನಾಳ ಅಷ್ಟು ಸುಲಭವಾಗಿ ಬಿಗಿಯುವುದಿಲ್ಲ. ಮುಗಿಸುವಾಗಲೂ ಥಟ್ಟನೆ ನಿಲ್ಲದೆ ಹತ್ತು ನಿಮಿಷ ನಡೆದು ಉಸಿರನ್ನು ಇಳಿಸಬೇಕು. ಚಳಿಯ ಮುಂಜಾನೆ ತೆಳುಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಂಡು ವಾರ್ಮ್‌ಅಪ್ ಮಾಡಿದರೆ ಒಳಹೋಗುವ ಗಾಳಿ ಬೆಚ್ಚಗಿರುತ್ತದೆ.

ಮದ್ದು ಸರಿಯಿದ್ದೂ ಕೆಲಸ ಮಾಡದಿದ್ದರೆ ಮೊದಲು ನೋಡಬೇಕಾದ್ದು ಎಳೆಯುವ ಕ್ರಮ. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ (ಮದ್ದನ್ನು ಹಿಡಿದಿಟ್ಟು ಬಾಯಿಗೆ ತಲುಪಿಸುವ ಟೊಳ್ಳು ಕೊಳವೆಗೆ) ಸಿಕ್ಕಿಸಿ. ಉಸಿರನ್ನು ಪೂರ್ತಿ ಬಿಟ್ಟು, ತುಟಿಗಳಿಂದ ಬಿಗಿಯಾಗಿ ಹಿಡಿದು, ಒಂದೇ ಪಫ್ ಒತ್ತಿ ನಿಧಾನವಾಗಿ ಎಳೆದು ಹತ್ತು ಸೆಕೆಂಡ್ ಹಿಡಿಯಿರಿ. ಎರಡನೆಯದಕ್ಕೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಬೇಕು. ಎರಡು ಪಫ್ ಒಟ್ಟಿಗೆ ಒತ್ತಿದರೆ, ಇಲ್ಲವೇ ಸೊರ್ರನೆ ಎಳೆದರೆ, ಮದ್ದು ಸ್ಪೇಸರ್ ಗೋಡೆಗೋ ಗಂಟಲಿಗೋ ಅಂಟುತ್ತದೆ. ಪ್ಲಾಸ್ಟಿಕ್ ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಮದ್ದು ಅಲ್ಲೇ ಹಿಡಿದುಕೊಳ್ಳುತ್ತದೆ. ಸ್ಟಿರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬರಬಹುದು. ಕೌಂಟರ್ ಇಲ್ಲದ ಇನ್‌ಹೇಲರ್‌ನಲ್ಲಿ ಮದ್ದು ಮುಗಿದ ಮೇಲೂ ಬರೀ ಗಾಳಿ ಪುಸ್ ಎನ್ನುತ್ತಿರುತ್ತದೆ, ಆದ್ದರಿಂದ ಪಫ್ ಲೆಕ್ಕ ಬರೆದಿಡಿ.

ಬೆಳಿಗ್ಗೆ, ಉಸಿರನ್ನು ಎಷ್ಟು ಜೋರಾಗಿ ಊದಬಲ್ಲೆವೆಂದು ಅಳೆಯುವ ಪೀಕ್ ಫ್ಲೋ ಮೀಟರ್‌ಗೆ ಮೂರು ಸಲ ಊದಿ ಹೆಚ್ಚಿನದನ್ನು ಬರೆಯುತ್ತಿದ್ದೆ. ನಿಮ್ಮ ಅತ್ಯುತ್ತಮ ಅಂಕಿಯ 80%ಗಿಂತ ಕೆಳಗಿದ್ದರೆ ಅಂದು ಜೋರಾದ ಅಭ್ಯಾಸ ಬೇಡ. 50%ಗಿಂತ ಕೆಳಗಿಳಿದರೆ ತುರ್ತು. ರಿಲೀವರ್ ತೆಗೆದುಕೊಂಡು ವೈದ್ಯರ ಬಳಿ ಹೋಗಬೇಕು. ನೆಗಡಿ, ಕಫ ಇದ್ದಾಗಲೂ ಆಡಬೇಡಿ.

ಮೈದಾನದಲ್ಲೇ ಉಸಿರು ಕಟ್ಟಿದರೆ ಕೂಡಲೇ ಆಟ ನಿಲ್ಲಿಸಿ ನೆಟ್ಟಗೆ ಕೂರಬೇಕು, ಮಲಗಬಾರದು. ಅರ್ಧದಿಂದ ಒಂದು ನಿಮಿಷಕ್ಕೊಂದರಂತೆ ರಿಲೀವರ್ ಪಫ್, ಹೆಚ್ಚೆಂದರೆ ಹತ್ತು. ಅಷ್ಟಕ್ಕೂ ಇಳಿಯದಿದ್ದರೆ, ಅಥವಾ ಮಾತು ತುಂಡಾದರೆ, ತುಟಿ ನೀಲಿಯಾದರೆ ಆಂಬುಲೆನ್ಸ್ ಕರೆಯಬೇಕು. ಇದು ಕೋಚ್‌ಗೂ ಜೊತೆ ಆಡುವ ಒಬ್ಬರಿಗಾದರೂ ಗೊತ್ತಿರಲಿ. ಇನ್‌ಹೇಲರ್ ಬೌಂಡರಿ ಗೆರೆಯ ಪಕ್ಕ ನೆರಳಲ್ಲಿರಲಿ, ಬೀಗ ಹಾಕಿದ ಕೋಣೆಯಲ್ಲಿದ್ದರೆ ಯಾರಿಗೂ ಪ್ರಯೋಜನವಿಲ್ಲ.

ಉಸಿರು ಎಳೆದುಕೊಳ್ಳುವಾಗ ಗಂಟಲಲ್ಲೇ ಸದ್ದು ಬಂದು, ಆಟದ ನಡುವೆ ಜೋರಾಗಿ, ನಿಂತ ಕೆಲವೇ ನಿಮಿಷಕ್ಕೆ ತಾನೇ ಹೋದರೆ ಅದು ಧ್ವನಿಪೆಟ್ಟಿಗೆ ಕಿರಿದಾಗುವ ತೊಂದರೆ ಇರಬಹುದು. ಅದಕ್ಕೆ ರಿಲೀವರ್ ನಾಟುವುದಿಲ್ಲ. ಉಸಿರಾಟದ ತರಬೇತಿ ಬೇಕಾಗುತ್ತದೆ. ಪಫ್ ಹೆಚ್ಚಿಸುವ ಬದಲು ವೈದ್ಯರಿಗೆ ಈ ಲಕ್ಷಣಗಳನ್ನು ಹೀಗೆಯೇ ವಿವರಿಸಿ.